ಹದಿನಾಲ್ಕರ ಬೆನ್ನು

ನೆವಿಲ್ ಟ್ರೆಝೀಸ್‌ನ ಮೂಗು ಮೊದಲ ಸಲ ಮುರಿದಾಗ ಚೆಂಡು ಮೈದಾನದ ಇನ್ನೊಂದು ತುದಿಯಲ್ಲಿತ್ತು. ಅಂಪೈರನೂ ಚೆಂಡಿನ ಹಿಂದೆಯೇ ಓಡಿದ್ದ. ಹ್ಯಾಲೆಟ್ ತಂಡದ ಕೆಂಗೂದಲಿನವನೊಬ್ಬ ಅದುವರೆಗೂ ಇವನ ಪಕ್ಕದಲ್ಲಿ ನಿಂತು ಮಳೆಯ ಬಗ್ಗೆ, ಮೀನಿನ ಬಗ್ಗೆ ಏನೇನೋ ಮಾತಾಡುತ್ತಿದ್ದ. ಮಾತಿನ ನಡುವೆ ಒಂದು ಹೆಜ್ಜೆ ಹಿಂದೆ ಸರಿದು ಇವನ ಬೆನ್ನು ನೋಡಿದ. ‘ಓಹೋ, ಹದಿನಾಲ್ಕು’ ಎಂದ. ಮತ್ತೆ ಮುಂದೆ ಬಂದು ಮೊಣಕೈ ಎತ್ತಿ ಮುಖಕ್ಕೆ ಬಾರಿಸಿದ. ನೆವಿಲ್ ಕೆಸರಿನಲ್ಲಿ ಕುಕ್ಕರಿಸಿ ಕೂತು, ಎರಡು ಅಂಗೈ ತುಂಬ ತನ್ನದೇ ರಕ್ತ ಹಿಡಿದುಕೊಂಡು, ನಾನು ಇವನಿಗೇನು ಮಾಡಿದೆ ಎಂದು ಯೋಚಿಸಿದ. ಏನೂ ಮಾಡಿರಲಿಲ್ಲ. ಆ ಊರಿಗೆ ಅವನು ಹೋದದ್ದೇ ಅವತ್ತು ಮೊದಲು.

ಆಗ ಅವನಿಗೆ ಇಪ್ಪತ್ತೆರಡು. ಗಾರ್ಮನ್‌ನ ತಾಮ್ರದ ಕುಲುಮೆಯಲ್ಲಿ ಕೆಲಸ. ಕರಗಿದ ತಾಮ್ರ ಹೊತ್ತು ಬರುವ ದೊಡ್ಡ ಬೋಗುಣಿಯನ್ನು ಓಲಾಡದಂತೆ ಹಿಡಿದು ನಡೆಸುವುದು. ಆ ಕೆಲಸಕ್ಕೆ ಹೆಗಲೂ ಬೇಕು, ತಾಳ್ಮೆಯೂ ಬೇಕು. ಎರಡೂ ಅವನಲ್ಲಿ ಬೇಕಾದ್ದಕ್ಕಿಂತ ಹೆಚ್ಚಾಗಿದ್ದವು. ಬಾಗಿಲಿನಲ್ಲಿ ಅಡ್ಡಡ್ಡ ತಿರುಗಿ ಒಳಗೆ ಬರುವಂಥ ಆಳು. ಆದರೆ ಭಾನುವಾರ ಸಾರಿಗೆಂದು ಕೋಳಿ ಕೊಯ್ಯಬೇಕಾದರೆ ತಮ್ಮ ಲೆಸ್‌ನ ಕೈಗೆ ಕೊಟ್ಟು ತಾನು, ಹೊರಗಿನ ಮಣ್ಣು ತಂದು ಕುಲುಮೆಯ ಹೊಗೆ ತಾಗದಂತೆ ಗೋಣಿ ಮುಚ್ಚಿ ಬೆಳೆಸಿದ ಹಿತ್ತಿಲ ಈರುಳ್ಳಿ ಮಡಿಯ ಕಡೆ ಹೋಗುತ್ತಿದ್ದ. ತಂದೆ ಗಣಿಯಲ್ಲಿ ತೀರಿಹೋದ ಮೇಲೆ ಆರು ವರ್ಷ ಚಿಕ್ಕವನಾದ ಲೆಸ್‌ನನ್ನು ಸಾಕಿದ್ದು ನೆವಿಲ್ಲೇ. ಕೈಯಲ್ಲೂ ಕಾಲಲ್ಲೂ ಆಡುವ ನಮ್ಮ ಕಡೆಯ ಫುಟ್‌ಬಾಲ್ ಅವನಿಗೆ ಅಂಥ ಹುಚ್ಚೇನಲ್ಲ. ಆದರೆ ಅಷ್ಟು ದೊಡ್ಡ ಮೈ ಇಟ್ಟುಕೊಂಡು ಶನಿವಾರ ಮನೆಯಲ್ಲಿ ಕೂತರೆ ಗಾರ್ಮನ್ ಬಿಡುತ್ತದೆಯೇ? ಎಳೆದುಕೊಂಡು ಹೋದರು.

ಎಳೆದುಕೊಂಡು ಹೋಗಿ ಹದಿನಾಲ್ಕನೇ ನಂಬರಿನ ಜರ್ಸಿ ಕೊಟ್ಟರು. ಅದು ಆಟ ನೋಡಿ ಕೊಟ್ಟದ್ದಲ್ಲ, ಅಳತೆ ನೋಡಿ ಕೊಟ್ಟದ್ದು. ಸಂಘಕ್ಕೆ ಇದ್ದದ್ದು ಒಂದೇ ಸೆಟ್ಟು ಉಣ್ಣೆ ಜರ್ಸಿ. ಅದರಲ್ಲಿ ಒಂದನ್ನು ಮಾತ್ರ ಬಹಳ ಹಿಂದೆ ಆರ್ಚ್ ಮಲ್ಕಾಹಿಗೆಂದು ಬೇರೆಯಾಗಿ ಹೇಳಿ ಹೆಣೆಸಿದ್ದರು, ಎರಡು ಮೂರು ಅಳತೆ ದೊಡ್ಡದು. ಆರ್ಚ್ ಆಟ ಬಿಟ್ಟು ಎರಡು ವರ್ಷ ಆ ಜರ್ಸಿ ಪೆಟ್ಟಿಗೆಯಲ್ಲೇ ಬಿದ್ದಿತ್ತು. ತೊಟ್ಟವರೆಲ್ಲ ಅದರಲ್ಲಿ ಮುಳುಗಿಹೋಗುತ್ತಿದ್ದರು. ನೆವಿಲ್‌ನ ತಲೆಯ ಮೇಲಿಂದ ಇಳಿದ ಮೊದಲ ಸಲಕ್ಕೇ ಅದು ಮೈಗೆ ಕೂತಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು, ಪಾಪದ ಪ್ರಾಣಿ, ಇವನೂ ಖುಷಿಪಟ್ಟ.

ಆರ್ಚ್ ಮಲ್ಕಾಹಿ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಹದಿನೈದು ವರ್ಷ ಆಡಿ ಆರು ಸಲ ಕಪ್ ತಂದವನು. ಗಾರ್ಮನ್‌ನ ಮೈದಾನದಲ್ಲಿ ಹುಲ್ಲಿಲ್ಲ. ಕುಲುಮೆಯ ಗಂಧಕದ ಹೊಗೆಗೆ ಊರ ಸುತ್ತಲ ಗುಡ್ಡಗಳಲ್ಲೇ ಒಂದು ಗಿಡ ಉಳಿದಿಲ್ಲ, ಇನ್ನು ಹುಲ್ಲೆಲ್ಲಿ ಬಂತು. ಬರೀ ಜಲ್ಲಿ. ಬೇರೆ ಊರಿನವರು ಅದರ ಮೇಲೆ ಬೀಳಲು ಹೆದರಿ ಕಾಲು ಎಳೆಯುತ್ತಿದ್ದಾಗ ಆರ್ಚ್ ಮೊಣಕಾಲಿನ ಚರ್ಮ ಅಲ್ಲೇ ಬಿಟ್ಟು ಚೆಂಡು ತರುತ್ತಿದ್ದ. ಆದರೆ ಚೆಂಡು ದೂರವಿದ್ದಾಗ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಹ್ಯಾಲೆಟ್ ಒಂದೇ ಊರಿನಲ್ಲಿ ಏಳು ದವಡೆ ಮುರಿದಿದ್ದ. ಒಬ್ಬನ ಕಣ್ಣು ಹೋಯಿತು. ಮರದ ಮಿಲ್ಲಿನ ಕ್ಲೆಮ್ ಸ್ಕೆಲ್ಟನ್ ಎಂಬವನನ್ನು ಹಿಂದಿನಿಂದ ಹೊಡೆದು ಬೀಳಿಸಿ, ಬಿದ್ದವನ ಬಾಯಿಗೆ ಬೂಟುಗಾಲಿನಿಂದ ಒದ್ದಿದ್ದ. ಆಮೇಲೆ ಅವನು ಗಂಜಿಯಂಥದ್ದು ಬಿಟ್ಟು ಬೇರೆ ಉಣ್ಣಲಿಲ್ಲ. ನಮ್ಮೂರ ಪಬ್ಬಿನಲ್ಲಿ ಇವೆಲ್ಲ ಬಿಯರಿನ ಜೊತೆ ನೆಂಚಿಕೊಳ್ಳುವ ಕಥೆಗಳಾಗಿದ್ದವು. ಪೆಟ್ಟು ತಿಂದವರ ಊರಿನಲ್ಲಿ ಅದೇ ಕಥೆಯನ್ನು ಹೇಗೆ ಹೇಳುತ್ತಿರಬಹುದು ಎಂದು ನಾವ್ಯಾರೂ ತಲೆ ಕೆಡಿಸಿಕೊಂಡವರಲ್ಲ.

ನೆವಿಲ್ ಕೆಡಿಸಿಕೊಳ್ಳಬೇಕಾಯಿತು. ಒಂಬತ್ತು ವರ್ಷ ಅವನು ಹದಿನಾಲ್ಕು ತೊಟ್ಟ, ಒಂಬತ್ತು ವರ್ಷವೂ ಆರ್ಚ್‌ಗೆ ಬರಬೇಕಾದ ಪೆಟ್ಟುಗಳನ್ನು ತಿಂದ. ಎರಡನೇ ವರ್ಷ ಪಕ್ಕೆಲುಬು. ಮೂರನೇ ವರ್ಷ ಮುಂದಿನ ಹಲ್ಲುಗಳು. ಐದನೇ ವರ್ಷ ಹ್ಯಾಲೆಟ್‌ನವನೊಬ್ಬ ಕಿವಿಯನ್ನು ಹಲ್ಲಿನಿಂದ ಕಚ್ಚಿ ಎಳೆದ. ಅದನ್ನು ಮತ್ತೆ ಹೊಲಿಯಲು ವೈದ್ಯರಿಗೆ ಅರ್ಧ ಮಧ್ಯಾಹ್ನ ಹಿಡಿಯಿತು. ಅವನು ಒಂದು ಸಲವೂ ತಿರುಗಿಸಿ ಹೊಡೆಯಲಿಲ್ಲ. ಹೆದರಿಕೆ ಎಂದರು ಕೆಲವರು. ಹೆದರಿಕೆಯೇ ಹೌದು, ಆದರೆ ಅವರು ತಿಳಿದಂಥದ್ದಲ್ಲ. ಹದಿನೆಂಟರಲ್ಲಿ ಕುಲುಮೆಯ ಅಂಗಳದಲ್ಲಿ ತಾನೇ ತಮಾಷೆಗೆ ಒಬ್ಬನ ಎದೆಗೆ ಗುದ್ದಿ, ಅವನು ನೀಲಿಗಟ್ಟಿ ಬಿದ್ದು ಉಸಿರಿಗೆ ಒದ್ದಾಡಿದ್ದನ್ನು ನೆವಿಲ್ ನೋಡಿದ್ದ. ತನ್ನ ಕೈಯ ಭಾರ ಅವನಿಗೆ ಗೊತ್ತಿತ್ತು.

ಜರ್ಸಿ ಒಗೆದು, ಹರಿದದ್ದನ್ನು ಹೊಲಿದು, ನಂಬರು ಕೂರಿಸುವವಳು ಎಡ್ನಾ ಪಾಸ್ಕೋ. ಗಂಡ ಸತ್ತ, ಮಾತು ಖಾರದ ಮುದುಕಿ. ಪೆಟ್ಟಿನ ರಕ್ತವನ್ನು ತಣ್ಣೀರಿನಲ್ಲೇ ಬಿಡಿಸಬೇಕು ಎಂಬುದು ಅವಳಷ್ಟು ಯಾರಿಗೂ ಗೊತ್ತಿರಲಿಲ್ಲ. ಹಲ್ಲು ಹೋದ ವರ್ಷ ನೆವಿಲ್ ಅವಳ ಮನೆಗೆ ಹೋಗಿ, ಜರ್ಸಿ ಇದೇ ಇರಲಿ, ಮೇಲಿನ ನಂಬರನ್ನಷ್ಟೇ ಬದಲಿಸಿಕೊಡಿ ಎಂದು ಕೇಳಿದ. ಅವಳು ಕತ್ತರಿ ತೆಗೆದು ಹದಿನಾಲ್ಕನ್ನು ಬಿಚ್ಚಿ ಇಪ್ಪತ್ತಾರನ್ನು ಹೊಲಿದಳು. ಶನಿವಾರ ಬಟ್ಟೆ ಕೋಣೆಗೆ ಆರ್ಚ್ ಬಂದ. ಆಗ ಅವನು ಸಂಘದ ಅಧ್ಯಕ್ಷ, ಕುಲುಮೆಯಲ್ಲಿ ನೆವಿಲ್‌ನ ಪಾಳಿಯ ಮೇಸ್ತ್ರಿ ಕೂಡ. ಬೆನ್ನು ನೋಡಿದ. ಕತ್ತಿನ ಪಟ್ಟಿಗೆ ಕೈ ಹಾಕಿ ನೆವಿಲ್‌ನನ್ನು ಗೋಡೆಗೆ ಒತ್ತಿ, ಇಪ್ಪತ್ತಾರನ್ನು ಉಗುರಿನಿಂದಲೇ ಕಿತ್ತ. ಹ್ಯಾಲೆಟ್‌ನವರಿಗೆ ಅದು ದೂರದಿಂದಲೇ ಕಾಣಬೇಕು ಎಂದ. ಅದನ್ನು ನೋಡಿದರೆ ಅವರು ಹೆದರಿ ಹಿಂದೆ ಸರಿಯುತ್ತಾರಂತೆ. ಎಡ್ನಾಳಿಗೆ ಅಲ್ಲೇ, ಎಲ್ಲರ ಎದುರು, ಹದಿನಾಲ್ಕನ್ನು ಮತ್ತೆ ಹೊಲಿಯಬೇಕಾಯಿತು. ಮೂರು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡಳು, ಮೂರು ಸಲವೂ ಆರ್ಚ್‌ನ ಹೆಸರು ಹಿಡಿದು ಬೈದಳು.

ಒಂಬತ್ತನೇ ವರ್ಷ ಹ್ಯಾಲೆಟ್ ಗಾರ್ಮನ್‌ಗೆ ಬಂತು. ಮೂರು ವರ್ಷ ದೂರದ ಅಣೆಕಟ್ಟಿನ ಕೆಲಸದಲ್ಲಿದ್ದ ಲೆಸ್ ಆ ತಿಂಗಳಷ್ಟೇ ಊರಿಗೆ ಮರಳಿ, ಬೇಲಿಗೆ ಒರಗಿ ಆಟ ನೋಡುತ್ತಿದ್ದ. ಆಟದ ಮೂರನೇ ಕಾಲುಭಾಗದಲ್ಲಿ, ಚೆಂಡು ಆಚೆ ಗೋಲಿನ ಹತ್ತಿರವಿದ್ದಾಗ, ಹ್ಯಾಲೆಟ್‌ನ ಇಪ್ಪತ್ತಾರು ವರ್ಷದ ಒಬ್ಬ ಹದಿನೈದು ಹೆಜ್ಜೆ ಓಡಿ ಬಂದು ನೆವಿಲ್‌ನ ಕತ್ತಿನ ಹಿಂಭಾಗಕ್ಕೆ ಮುಂಗೈಯಿಂದ ಅಪ್ಪಳಿಸಿದ. ಸದ್ದು ಬೇಲಿಯವರೆಗೆ ಕೇಳಿಸಿತು. ನೆವಿಲ್ ಕೈ ಊರಲೂ ಇಲ್ಲ, ಮುಖ ಅಡಿಯಾಗಿ ಜಲ್ಲಿಗೆ ಬಿದ್ದ. ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಮೈಯೆಲ್ಲ ಎಳೆಯತೊಡಗಿತು, ಹಿಮ್ಮಡಿಗಳು ಜಲ್ಲಿಯನ್ನು ಕೆರೆದವು. ಮಗುಚಿ ಹಾಕಿದರೆ ಮುಖದಲ್ಲಿ ಮುಖವಿರಲಿಲ್ಲ, ರಕ್ತ ಮತ್ತು ಕಲ್ಲು. ನಾಲಿಗೆ ಗಂಟಲಿಗೆ ಮಡಚಿಕೊಂಡು ಉಸಿರು ನಿಂತಿತ್ತು. ಎಡ್ನಾ ಬೇಲಿಯ ಕೆಳಗಿಂದ ನುಗ್ಗಿ ಬಂದು, ಗಾಯದ ಪಟ್ಟಿ ಕತ್ತರಿಸುವ ಕತ್ತರಿಯ ಹಿಡಿಯನ್ನು ಹಲ್ಲುಗಳ ಸಂದಿಗೆ ತುರುಕಿ ಮೀಟಿ, ಎರಡು ಬೆರಳು ಹಾಕಿ ನಾಲಿಗೆಯನ್ನು ಹೊರಗೆಳೆದಳು. ಅವಳ ಬೆರಳನ್ನು ಅವನು ಮೂಳೆ ತಾಗುವಷ್ಟು ಕಚ್ಚಿದ. ಆದರೆ ಉಸಿರಾಡಿದ.

ಲೆಸ್ ಅಷ್ಟರಲ್ಲಿ ಬೇಲಿಯ ಒಂದು ಗೂಟ ಕಿತ್ತುಕೊಂಡು ಒಳಗೆ ಹಾರಿದ್ದ. ಅವನ ಮೈಕಟ್ಟು ಅಣ್ಣನದೇ, ತಾಳ್ಮೆ ಮಾತ್ರ ಹುಟ್ಟುವಾಗಲೇ ಮರೆತು ಬಂದದ್ದು. ಮೊದಲು ಅಡ್ಡ ಬಂದವನ ಹೆಗಲಿನ ಮೂಳೆ ಮುರಿಯಿತು. ಅವನು ನಮ್ಮ ತಂಡದವನೇ. ಐದು ಜನ ಮೇಲೆ ಬಿದ್ದು ಹಿಡಿದುಕೊಂಡರು. ಹೊಡೆದವನು ಓಡಿಹೋಗಲಿಲ್ಲ. ನಿಂತಲ್ಲೇ ನಿಂತು, ಲೆಸ್‌ನನ್ನೂ ನೋಡದೆ, ನೆಲದ ಮೇಲೆ ಒದೆಯುತ್ತಿದ್ದ ಕಾಲುಗಳನ್ನೇ ನೋಡುತ್ತಿದ್ದ.

ನೆವಿಲ್ ಮೂರು ವಾರ ಆಸ್ಪತ್ರೆಯಲ್ಲಿದ್ದ. ಇನ್ನು ಫುಟ್‌ಬಾಲ್ ಮಾತೇ ಬೇಡ, ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ನಾವು ಹೊಣೆಯಲ್ಲ ಎಂದರು ವೈದ್ಯರು. ಎರಡನೇ ವಾರದ ಒಂದು ಮಧ್ಯಾಹ್ನ ಹೊಡೆದವನೇ ನೋಡಲು ಬಂದ, ಟೋಪಿ ಕೈಯಲ್ಲಿ ಹಿಂಡುತ್ತ. ಹೆಸರು ಮರ್ವ್ ಸ್ಕೆಲ್ಟನ್. ಗಂಜಿ ಉಂಡು ಬದುಕಿದ ಕ್ಲೆಮ್ ಸ್ಕೆಲ್ಟನ್‌ನ ಮಗ.

‘ಅಪ್ಪ ಈ ಚಳಿಗಾಲ ತೀರ್ಕೊಂಡ’ ಎಂದ. ‘ಅವನು ಹೊಡೆಸ್ಕೊಂಡಾಗ ನಂಗೆ ಏಳು ವರ್ಷ. ಬೇಲಿ ಹತ್ರ ನಿಂತಿದ್ದೆ. ಹೊಡೆದವನ ಮುಖ ನಾನು ನೋಡ್ಲಿಲ್ಲ. ಬೆನ್ನು ನೋಡ್ದೆ ಅಷ್ಟೆ. ನೀನು ಯಾರು ಅಂತ್ಲೇ ನಂಗೊತ್ತಿಲ್ಲ ಮಾರಾಯ. ನಾನು ಆ ನಂಬರಿಗೆ ಹೊಡೆದೆ.’

‘ನಂಬರಿಗೆ ನೋವಾಗಲ್ಲ’ ಎಂದ ನೆವಿಲ್. ತುಟಿಗೆ ಹೊಲಿಗೆ ಇದ್ದುದರಿಂದ ಅಷ್ಟಕ್ಕೇ ಸಾಕಾಯಿತು.

ಮರ್ವ್ ಅತ್ತ. ನೆವಿಲ್ ತನಗೆ ಅವನ ಮೇಲೆ ಸಿಟ್ಟು ಬರಲಿ ಎಂದು ಕಾದ, ಬರಲಿಲ್ಲ. ಆ ಸಿಟ್ಟನ್ನೆಲ್ಲ ಹೊತ್ತವನು ತಮ್ಮ, ಅವನು ಪ್ರತಿ ದಿನ ಸಂಜೆ ಇದೇ ಕುರ್ಚಿಯಲ್ಲಿ ಬಂದು ಕೂರುತ್ತಿದ್ದ.

‘ಮುಂದಿನ ವರ್ಷ ಹದಿನಾಲ್ಕು ನಂದು’ ಎಂದ ಲೆಸ್. ‘ಆರ್ಚ್‌ನ ಕೇಳಿ ಆಯ್ತು. ಬೇರೆ ಯಾರ್ಗೂ ಅದು ಆಗೋದೂ ಇಲ್ಲ. ಮೊದಲ ಆಟ ಹ್ಯಾಲೆಟ್‌ನಲ್ಲೇ. ಆ ಸ್ಕೆಲ್ಟನ್ ಎದ್ದು ಮನೆಗೆ ಹೋಗಲ್ಲ, ನೋಡ್ತಿರು.’

‘ಲೆಸ್, ಬೇಡ.’

‘ನೀನು ಒಂಬತ್ತು ವರ್ಷ ಬೇಡ ಅಂದೆ. ಏನು ಸಿಕ್ತು? ಮುಖ ನೋಡ್ಕೊ.’

ಅವನು ಬಾಯಿಮಾತಿಗೆ ಹೇಳುವವನಲ್ಲ. ನೆವಿಲ್ ಮನೆಗೆ ಬಂದ ಮೇಲೆ ಲೆಸ್ ಹಿತ್ತಿಲಲ್ಲಿ ಮರಳು ಮೂಟೆ ಕಟ್ಟಿ ದಿನಾ ಗುದ್ದುವುದನ್ನು ನೋಡಿದ. ಗುದ್ದು ಮೂಟೆಯ ಮೇಲ್ಭಾಗಕ್ಕೇ, ಕತ್ತು ಇರುವ ಎತ್ತರಕ್ಕೇ ಬೀಳುತ್ತಿತ್ತು. ಗೋಣಿ ಎರಡು ಸಲ ಹರಿಯಿತು. ನೆವಿಲ್‌ಗೆ ತಮ್ಮ ಸಾಯುತ್ತಾನೆಂಬ ಭಯಕ್ಕಿಂತ ಕೊಲ್ಲುತ್ತಾನೆಂಬ ಭಯವೇ ಹೆಚ್ಚಾಯಿತು. ಊಟ ಸೇರಲಿಲ್ಲ. ತಾನು ಸಾಕಿದ ಹುಡುಗ ಜೈಲಿನ ಅಂಗಳದಲ್ಲಿ ಸುತ್ತು ಹಾಕುವುದು ಕಣ್ಣಿಗೆ ಕಟ್ಟಿತು.

ಉಳಿದದ್ದು ಒಂದೇ ದಾರಿ. ಹದಿನಾಲ್ಕನ್ನು ಗೋಡೆಗೆ ಏರಿಸಬೇಕು. ದೊಡ್ಡವರ ನಂಬರನ್ನು ಇನ್ನು ಮುಂದೆ ಯಾರೂ ತೊಡದಂತೆ ನಿಲ್ಲಿಸುವುದಕ್ಕೆ ಗಾರ್ಮನ್‌ನಲ್ಲಿ ಹೇಳುವ ಮಾತು ಅದು. ಸಂಘದ ಗೋಡೆಯ ಮೇಲೆ ಅದುವರೆಗೆ ಇದ್ದದ್ದು ಒಂದೇ ನಂಬರು, ಮೂರು. ಗಣಿಗೆ ಬೆಂಕಿ ಬಿದ್ದಾಗ ಜೊತೆಯವರನ್ನು ಹೊರಗೆ ತಳ್ಳಿ ತಾನು ಒಳಗೇ ಉಳಿದ ನಾಯಕನದು. ನೆವಿಲ್ ಮೇಸ್ತ್ರಿಯ ಕೋಣೆಗೆ ಹೋಗಿ, ನಿಂತೇ, ಮಾತು ತೆಗೆದ. ಅದು ನಿನ್ನ ಗೌರವಕ್ಕೇ ಎಂದೂ ಹೇಳಿದ; ತಮ್ಮನಿಗಾಗಿ ಅಷ್ಟು ಸುಳ್ಳು ಹೇಳಲು ಅವನಿಗೆ ನಾಚಿಕೆಯಾಗಲಿಲ್ಲ.

‘ನಾನಿನ್ನೂ ಸತ್ತಿಲ್ಲ ಕಣೋ’ ಎಂದು ಆರ್ಚ್ ನಕ್ಕ. ‘ಗೋಡೆಗೆ ಹೋಗೋದು ಸತ್ತೋರ ನಂಬರು. ನಂದು ಮೈದಾನದಲ್ಲಿ ಓಡಾಡ್ತಿರ್ಬೇಕು. ನಿನ್ನ ಮೈಮೇಲೆ ಅದು ಹೆಣದ ಥರ ಇತ್ತು. ನಿನ್ನ ತಮ್ಮ ಇದಾನಲ್ಲ, ಅವನು ಗಂಡಸು.’

ನೆವಿಲ್ ಅಲ್ಲಿಂದ ಬಂದು, ಬರವಣಿಗೆಯ ಅಭ್ಯಾಸವಿಲ್ಲದ ಕೈಯಲ್ಲಿ ಮರ್ವ್ ಸ್ಕೆಲ್ಟನ್‌ಗೆ ಒಂದು ಕಾಗದ ಬರೆದ. ನನ್ನ ಮಾತನ್ನು ನಮ್ಮೂರಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಹ್ಯಾಲೆಟ್‌ನವರು ಬಂದು ಹೇಳಿದರೆ ಕೇಳಿಯಾರು, ಇಂಥ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ವಾರ್ಷಿಕ ಸಭೆ, ಬರುವುದಾದರೆ ಧೈರ್ಯ ಮಾಡಿ ಬಾ, ನನ್ನ ತಮ್ಮನೂ ಅಲ್ಲಿರುತ್ತಾನೆ. ಇಷ್ಟೇ. ಕಾಗದಕ್ಕೆ ಉತ್ತರ ಬರಲಿಲ್ಲ.

ಸಭೆಯ ದಿನ ಅರವತ್ತು ಎಪ್ಪತ್ತು ಜನ ಸೇರಿದ್ದರು. ಚರ್ಚಿನಿಂದ ನೇರ ಬಂದವರು, ಪಾಳಿ ಮುಗಿಸಿ ಮಸಿ ಮುಖದಲ್ಲೇ ಬಂದವರು. ನೆವಿಲ್ ಎದ್ದು ಹದಿನಾಲ್ಕರ ಮಾತು ಎತ್ತಿದ್ದೇ ತಡ, ಎಲ್ಲರ ಬಾಯಿ ಒಟ್ಟಿಗೆ ತೆರೆಯಿತು. ಇನ್ನೂರು ಆಟ ಆಡಿದವನಿಗೆ ಕೊಡಬೇಕು ಎಂದು ಒಬ್ಬ. ಆಟ ಎಣಿಸಿ ಕೊಡುವುದಾದರೆ ಗೋಲಿನ ಹತ್ತಿರ ನಿಂತು ಬಾವುಟ ಬೀಸುವ ನಮ್ಮ ಗೋಲ್ ಅಂಪೈರನ ಬಿಳಿ ಕೋಟನ್ನೂ ಏರಿಸಬೇಕಾಗುತ್ತದೆ ಎಂದು ಇನ್ನೊಬ್ಬ. ಕಪ್ ತಂದವನಿಗೆ ಎಂದರು. ಸತ್ತವನಿಗೆ ಮಾತ್ರ ಎಂದರು. ಯಾವತ್ತೂ ಏರಿಸಬಾರದು, ದೊಡ್ಡವನ ನಂಬರು ತೊಡುವ ಆಸೆಯಿಂದಲೇ ಚಿಕ್ಕವರು ಆಟಕ್ಕೆ ಬರುವುದು ಎಂದು ಶಾಲೆಯ ಮೇಷ್ಟ್ರು ಹೇಳಿದರು. ಮಾತೇನೋ ಚೆನ್ನಾಗಿತ್ತು, ಆದರೆ ಅವರ ಮೂಗು ಯಾರೂ ಮುರಿದಿರಲಿಲ್ಲ. ಒಂದು ನಂಬರು ತೊಟ್ಟವನ ಮೈಗೆ ಏನಾಗುತ್ತದೆ ಎಂದು ಆ ಎಪ್ಪತ್ತು ಜನರಲ್ಲಿ ಒಬ್ಬನೂ ಕೇಳಲಿಲ್ಲ. ಕೇಳಬೇಕಾದ್ದು ಅದೊಂದೇ ಆಗಿತ್ತು.

ಆಗ ಬಾಗಿಲು ತೆರೆದು ಮರ್ವ್ ಸ್ಕೆಲ್ಟನ್ ಒಳಗೆ ಬಂದ, ಒಬ್ಬನೇ. ಲೆಸ್‌ನ ಕುರ್ಚಿ ಹಿಂದಕ್ಕೆ ಉರುಳಿತು. ನೆವಿಲ್ ಅವನ ಮಣಿಕಟ್ಟನ್ನು ಹಿಡಿದ, ಕುಲುಮೆಯ ಬೋಗುಣಿ ಹಿಡಿಯುವ ಹಿಡಿತ ಅದು, ಬಿಡಿಸಿಕೊಳ್ಳಲು ಆಗಲಿಲ್ಲ. ನಾನೇ ಕರೆಸಿದ್ದು ಎಂದು ತಮ್ಮನ ಕಿವಿಯಲ್ಲಿ ಹೇಳಿದ. ಲೆಸ್ ಅಣ್ಣನನ್ನು ಹುಚ್ಚನನ್ನು ನೋಡುವಂತೆ ನೋಡಿದ.

ಮರ್ವ್ ಮುಂದಿನವರೆಗೂ ಬಂದು, ಹ್ಯಾಲೆಟ್ ತಂಡದ ಎಲ್ಲರ ಪರವಾಗಿ ಒಂದು ಕೋರಿಕೆ ಇದೆ ಎಂದ. ಗಾರ್ಮನ್ ತನ್ನ ಹದಿನಾಲ್ಕನೇ ನಂಬರನ್ನು ಗೋಡೆಗೆ ಏರಿಸಬೇಕು. ಅದನ್ನು ಎದುರಿಸಿ ನಮಗೆ ಸಾಕಾಗಿದೆ.

ಇಷ್ಟು ಕೇಳಿದ್ದೇ ಆರ್ಚ್‌ನ ಮುಖ ಅರಳಿತು. ಮೂವತ್ತು ವರ್ಷದ ಶತ್ರು ಮನೆ ಬಾಗಿಲಿಗೆ ಬಂದು ಸೋತೆ ಎಂದರೆ ಯಾರಿಗೆ ಹಿಗ್ಗಾಗುವುದಿಲ್ಲ? ಮೈದಾನದಲ್ಲಿ ಓಡಾಡುತ್ತಿರಬೇಕು ಎಂಬ ಮಾತೆಲ್ಲ ಒಂದೇ ಕ್ಷಣದಲ್ಲಿ ಮರೆತ. ಹ್ಯಾಲೆಟ್‌ನವರೇ ಕೇಳಿಕೊಳ್ಳುತ್ತಿರುವಾಗ ತಾನು ಅಡ್ಡ ಬರುವುದಿಲ್ಲ ಎಂದು, ಅಧ್ಯಕ್ಷನ ಕುರ್ಚಿಯಿಂದ ಎದ್ದು, ಮೊದಲ ಕೈಯನ್ನು ತಾನೇ ಎತ್ತಿದ. ಕಾರ್ಯದರ್ಶಿ ಬರೆದುಕೊಂಡ: ಅಧ್ಯಕ್ಷರ ಅನುಮೋದನೆ ಇದೆ.

‘ಸಂತೋಷ’ ಎಂದ ಮರ್ವ್. ‘ಆದ್ರೆ ಒಂದು ಮಾತು. ಇದು ನಿನಗಲ್ಲ. ನೀನು ಹೊಡೆದೆ, ಹೋದೆ. ಇವನು ಒಂಬತ್ತು ವರ್ಷ ನಮ್ಮ ಕೈಲಿ ಹೊಡೆಸ್ಕೊಂಡ, ಒಂದು ಸಲ ಕೈ ಎತ್ತಲಿಲ್ಲ. ನಮಗೆ ನಾಚಿಕೆ ಆಗಿದ್ದು ಇವನನ್ನ ನೋಡಿ. ಏರ್ಸೋದಾದ್ರೆ ಟ್ರೆಝೀಸ್ ಹೆಸರಲ್ಲಿ ಏರ್ಸಿ.’

ಆರ್ಚ್ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ಕೈ ಕೆಳಗಿಳಿಯುವಾಗ ಮುಷ್ಟಿಯಾಯಿತು. ಅವನು ಮೇಜನ್ನು ಬದಿಗೆ ತಳ್ಳಿ ಬಂದ. ಮರ್ವ್‌ನ ಕಡೆಗೆ ಹೋಗುತ್ತಾನೆಂದು ಎಲ್ಲರೂ ತಿಳಿದರು, ಮರ್ವ್ ಕೂಡ ತಯಾರಾದ. ಆರ್ಚ್ ಅವನನ್ನು ದಾಟಿ ಹೋಗಿ, ಎರಡೂ ಕೈಯಲ್ಲಿ ತಮ್ಮನನ್ನು ಹಿಡಿದು ನಿಂತಿದ್ದ ನೆವಿಲ್‌ನ ಬಾಯಿಗೆ ಹೊಡೆದ.

ನಲವತ್ತೇಳರ ಕೈ, ಆದರೂ ಆ ಕೈಯೇ. ದವಡೆ ಎರಡು ಕಡೆ ಮುರಿದ ಸದ್ದನ್ನು ನೆವಿಲ್ ತಲೆಯ ಒಳಗಿನಿಂದ ಕೇಳಿಸಿಕೊಂಡ. ಬಾಯಿ ತಾನಾಗಿ ತೆರೆದು ಹಾಗೇ ಜೋತುಬಿತ್ತು, ಮುಚ್ಚಲು ಬರಲಿಲ್ಲ. ಕಣ್ಣಿಗೆ ಕತ್ತಲೆ ಕವಿಯಿತು. ಬಿದ್ದುಬಿಡಬಹುದಾಗಿತ್ತು. ಆದರೆ ಬಿದ್ದರೆ ಕೈ ಬಿಡಬೇಕಾಗುತ್ತದೆ, ಕೈ ಬಿಟ್ಟರೆ ಲೆಸ್ ಅಲ್ಲೇ ಆರ್ಚ್‌ನನ್ನು ಕೊಂದುಹಾಕುತ್ತಾನೆ. ಅಷ್ಟು ಮಾತ್ರ ಅವನಿಗೆ ಸ್ಪಷ್ಟವಾಗಿತ್ತು. ಆದ್ದರಿಂದ ಅವನು ಬೀಳಲಿಲ್ಲ. ತಮ್ಮನನ್ನು ಹಿಂದಿನಿಂದ ತೋಳೆರಡರಲ್ಲೂ ಬಿಗಿದು ಎತ್ತಿ, ಗೋಡೆಗೆ ಒರಗಿ ಕಾಲು ಊರಿ ನಿಂತ.

ಲೆಸ್ ಒದರಿದ. ಹಿಮ್ಮಡಿಯಿಂದ ಅಣ್ಣನ ಮೊಣಕಾಲಿಗೆ ಒದ್ದ. ತಲೆಯನ್ನು ಹಿಂದಕ್ಕೆ ಬಡಿದ, ಅದು ಮುರಿದ ದವಡೆಗೇ ತಾಗಿತು. ನೆವಿಲ್‌ನ ಗಂಟಲಿನಿಂದ ಒಂದು ಥರದ ಮೂಕ ಸದ್ದು ಬಂತು, ತೋಳು ಸಡಿಲಾಗಲಿಲ್ಲ. ಬಾಯಿಯ ರಕ್ತ ತಮ್ಮನ ಕತ್ತಿನ ಮೇಲೆ ಇಳಿದು ಅಂಗಿಯ ಒಳಗೆ ಹೋಯಿತು. ಬಿಸಿ ತಾಗಿದಾಗ ಲೆಸ್ ಒದೆಯುವುದನ್ನು ನಿಲ್ಲಿಸಿದ. ಆಮೇಲೆ ‘ಸರಿ, ಬಿಡು, ಏನೂ ಮಾಡಲ್ಲ’ ಎಂದ, ಚಿಕ್ಕಂದಿನ ದನಿಯಲ್ಲಿ. ನೆವಿಲ್ ಬಿಡಲಿಲ್ಲ. ಅವನಿಗೆ ಅದನ್ನು ನಂಬುವಷ್ಟು ಧೈರ್ಯವಿರಲಿಲ್ಲ.

ಆರ್ಚ್‌ನನ್ನು ನಾಲ್ಕೈದು ಜನ ಹಿಡಿದು ಕೂರಿಸಿದ್ದರು. ಅವನು ಸಭೆ ಮುಗಿಯಿತು ಎಂದು ಕೂಗುತ್ತಿದ್ದ. ಮುಂದೆ ಬಂದು ನಿಂತದ್ದು ಎಡ್ನಾ. ಆ ಕಾಲದಲ್ಲಿ ಹೆಂಗಸರಿಗೆ ಸಂಘದಲ್ಲಿ ಮತವಿರಲಿಲ್ಲ, ಸಭೆಗೆ ಅವಳು ಬಂದದ್ದು ಚಹಾ ಮಾಡಲು.

‘ಅಧ್ಯಕ್ಷರದ್ದು ಆಗ್ಲೇ ಬರ್ಕೊಂಡಾಗಿದೆ’ ಎಂದಳು. ‘ನನಗೆ ಕೈ ಎತ್ತೋ ಹಾಗಿಲ್ಲ, ಎಣಿಸ್ಬೋದು. ಎತ್ತಿ ನೋಡೋಣ, ಯಾರ್ಯಾರು ಮನುಷ್ಯರು ಅಂತ.’

ಕೈಗಳು ಎದ್ದವು, ಮೊದಲು ಮಸಿ ಮುಖದವರದು, ಆಮೇಲೆ ಉಳಿದವರದು. ಎತ್ತದವರು ಎಂಟು ಹತ್ತು ಜನ. ಲೆಸ್‌ನ ತೋಳುಗಳು ಅಣ್ಣನ ಹಿಡಿತದೊಳಗೇ ಇದ್ದವು. ಬಲಗೈಯನ್ನು ಮೊಣಕೈಯಿಂದ ಕೆಳಗಷ್ಟೇ, ಅಷ್ಟು ಮೇಲಕ್ಕೆತ್ತಿದ. ಎಡ್ನಾ ಅದನ್ನೂ ಎಣಿಸಿದಳು.

ಹೆಸರಿನ ಜಗಳ ಮಾತ್ರ ಆಮೇಲೂ ತಿಂಗಳುಗಟ್ಟಲೆ ನಡೆಯಿತು. ಆರ್ಚ್‌ನ ಕಡೆಯವರು ಮಲ್ಕಾಹಿ ಎಂದೇ ಬರೆಯಬೇಕು ಎಂದರು. ಪಬ್ಬಿನಲ್ಲಿ ಈ ವಿಷಯಕ್ಕೆ ಎರಡು ಸಲ ಗ್ಲಾಸುಗಳು ಒಡೆದವು, ಒಬ್ಬನ ಹುಬ್ಬು ಸೀಳಿತು. ದವಡೆಗೆ ತಂತಿ ಬಿಗಿದು ಕೂತಿದ್ದ ನೆವಿಲ್‌ನನ್ನು ಕೇಳಲು ಹೋದರೆ ಅವನು ಸೀಸದ ಕಡ್ಡಿ ತೆಗೆದುಕೊಂಡು, ಯಾರ ಹೆಸರೂ ಬೇಡ, ಖಾಲಿ ಇರಲಿ ಎಂದು ಬರೆದುಕೊಟ್ಟ. ಜರ್ಸಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಮಾತು ಬಂದಾಗ ಎಡ್ನಾ ರೇಗಿದಳು. ಆ ಅಳತೆಯದು ಅದೊಂದೇ ಇರುವುದು, ಗೋಡೆಗೆ ಚಳಿಯಾಗುತ್ತದೆಯೇ ಎಂದು ಕೇಳಿದಳು. ಬೆನ್ನಿನ ಮೇಲಿನ ಒಂದು ಮತ್ತು ನಾಲ್ಕನ್ನು ಬಿಚ್ಚಿ, ಆ ಎರಡು ಬಟ್ಟೆ ತುಂಡುಗಳನ್ನು ಹಲಗೆಗೆ ಮೊಳೆ ಹೊಡೆದು ಮೂರರ ಪಕ್ಕದಲ್ಲಿ ತೂಗುಹಾಕಿದರು. ಜರ್ಸಿಗೆ ಇಪ್ಪತ್ತೇಳು ಹೊಲಿದು ಲೆಸ್‌ಗೆ ಕೊಟ್ಟಳು.

ಋತುವಿನ ಮೊದಲ ಆಟ, ಮೊದಲೇ ಗೊತ್ತಾದಂತೆ, ಹ್ಯಾಲೆಟ್‌ನಲ್ಲಿ. ನೆವಿಲ್‌ನ ತಂತಿ ಬಿಚ್ಚಿ ನಾಲ್ಕು ದಿನವಾಗಿತ್ತು. ಬಸ್ಸಿನಲ್ಲಿ ಜಾಗವಿತ್ತು, ಕರೆದರು, ಅವನು ಹೋಗಲಿಲ್ಲ. ನೋಡಲು ಅವನಿಂದ ಆಗುತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಈರುಳ್ಳಿ ಮಡಿಯಲ್ಲಿ ಕಳೆ ಕೀಳಲು ಕೂತು ಕಳೆಯ ಜೊತೆ ಅರ್ಧ ಈರುಳ್ಳಿಯನ್ನೂ ಕಿತ್ತ. ಎಷ್ಟು ಹೊತ್ತಿಗೆ ಆಟ ಶುರುವಾಗಿರಬಹುದು, ಚೆಂಡು ಎಷ್ಟು ಹೊತ್ತಿಗೆ ಆಚೆ ತುದಿಗೆ ಹೋಗಿರಬಹುದು, ಅಂಪೈರ್ ಯಾವಾಗ ಬೆನ್ನು ತಿರುಗಿಸಿರಬಹುದು. ಪೊಲೀಸರ ಗಾಡಿ ಯಾವ ದಾರಿಯಿಂದ ಬರುತ್ತದೆಂದೂ ಯೋಚಿಸಿದ.

ಸಂಜೆ ಬಸ್ಸು ನಿಂತ ಸದ್ದಾಯಿತು. ಲೆಸ್ ಹಿತ್ತಿಲ ಗೇಟು ತಳ್ಳಿಕೊಂಡು ಬಂದ. ಮೈಯೆಲ್ಲ ಕೆಸರು, ಮುಖ ಇದ್ದ ಹಾಗೇ ಇತ್ತು. ನೆವಿಲ್ ಮಂಡಿಯೂರಿದಲ್ಲಿಂದ ಏಳಲಿಲ್ಲ.

‘ಸ್ಕೆಲ್ಟನ್?’ ಎಂದ. ಬಾಯಿ ಇನ್ನೂ ಅರ್ಧವೇ ತೆರೆಯುತ್ತಿತ್ತು.

‘ನನ್ನ ಎದುರಿಗೇ ನಿಂತಿದ್ದ’ ಎಂದ ಲೆಸ್. ‘ಚೆಂಡು ಆಚೆ ಹೋದಾಗ ಅವನೇ ಹತ್ರ ಬಂದ. ಕೈ ಎರಡೂ ಹಿಂದೆ ಕಟ್ಕೊಂಡು, ನಿನ್ನದು ಒಂದು ಬಾಕಿ ಇದೆ, ಹೊಡಿ ಅಂದ.’

‘ಹೊಡೆದೆಯಾ?’

ಲೆಸ್ ತನ್ನ ಬಲಗೈಯ ಕಡೆ ನೋಡಿದ. ಎತ್ತಿದ್ದು ಅವನ ಗಂಟಲಿಗೇ, ಎಂದ. ಎತ್ತಿದ ಕೈ ಅಲ್ಲಿಗೆ ಹೋಗಲಿಲ್ಲ.

‘ಹೊಟ್ಟೆಗೆ ಒಂದು ಕೊಟ್ಟೆ. ಸುಳ್ಳು ಯಾಕೆ ಹೇಳ್ಲಿ, ಜೋರಾಗೇ ಕೊಟ್ಟೆ. ಕೂತ್ಕೊಂಡು ವಾಂತಿ ಮಾಡ್ದ. ಆಮೇಲೆ ಎದ್ದು ಬಾಯಿ ಒರೆಸ್ಕೊಂಡ. ಅಷ್ಟರಲ್ಲಿ ಚೆಂಡು ನಮ್ಮ ಕಡೆ ಬಂತು, ಇಬ್ರೂ ಓಡಿದ್ವಿ.’

‘ಚೆಂಡು ಯಾರಿಗೆ ಸಿಕ್ತು?’

‘ಅವನಿಗೆ’ ಎಂದ ಲೆಸ್, ಬಹಳ ಬೇಸರದಿಂದ.

ನೆವಿಲ್‌ಗೆ ನಗು ಬಂತು. ದವಡೆ ಅದಕ್ಕೆ ಇನ್ನೂ ತಯಾರಿರಲಿಲ್ಲ, ಎರಡೂ ಕಡೆ ಚಳಕ್ಕೆಂದು ಹಿಡಿದು ಕಣ್ಣಲ್ಲಿ ನೀರು ಕಿತ್ತುಬಂತು. ಅವನು ಮುಖವನ್ನು ಎರಡೂ ಮಣ್ಣುಗೈಯಲ್ಲಿ ಒತ್ತಿ ಹಿಡಿದು, ನೋವಿಗೆ ಮುಲುಕುತ್ತ, ಈರುಳ್ಳಿಗಳ ನಡುವೆ ಕೂತು ನಕ್ಕ. ಲೆಸ್ ಕೆಸರು ಬಟ್ಟೆಯಲ್ಲೇ ಅವನ ಪಕ್ಕದಲ್ಲಿ ಕೂತುಕೊಂಡ.